ದಾರಿಯಲ್ಲಿ ಸಿಗ್ನಲ್ ಕೈಕೊಟ್ಟರೆ...



ಬೇಸಿಗೆ ಬಂತೆಂದರೆ ಊರಿನಿಂದ ಅಪ್ಪ-ಅಮ್ಮ, ಅತ್ತೆ-ಮಾವ ಬರುತ್ತಾರೆ. ಶನಿವಾರ ಬೆಳಿಗ್ಗೆ ಎಲ್ಲರನ್ನೂ ಕಾರಿಗೆ ಹತ್ತಿಸಿಕೊಂಡು ಲೇಕ್ ಡಿಸ್ಟ್ರಿಕ್ಟ್, ಪೀಕ್ ಡಿಸ್ಟ್ರಿಕ್ಟ್ ಎಂದು ಹೊರಡುತ್ತೇವೆ. ಚಿತ್ರಾನ್ನ, ಮೊಸರನ್ನ, ಫ್ಲಾಸ್ಕಿನಲ್ಲಿ ಕಾಫಿ ಎಲ್ಲವನ್ನೂ ಮರೆಯದೆ ಕಟ್ಟಿಕೊಳ್ಳುತ್ತೇವೆ. ಆದರೆ ಇಂಟರ್ನೆಟ್ ಮಾತ್ರ ಗಾಳಿಯ ಹಾಗೆ ಎಲ್ಲೆಡೆ ಇದ್ದೇ ಇರುತ್ತದೆ ಎಂದು ನಂಬಿಬಿಡುತ್ತೇವೆ. ತೊಂದರೆ ಶುರುವಾಗುವುದೇ ಇಲ್ಲಿ!

ನಮ್ಮ ವಿದನ್‌ಶಾ ಕಡೆಯಿಂದ ಗ್ಲಾಸಪ್ ದಾಟಿ ಶೆಫೀಲ್ಡ್‌ಗೆ ಹೋಗುವ ಎ57 ರಸ್ತೆಯನ್ನೇ ನೋಡಿ. ಸ್ನೇಕ್ ಪಾಸ್ ಎಂದು ಹೆಸರಾದ ಇದು 500 ಮೀಟರಿಗಿಂತ ಎತ್ತರಕ್ಕೆ ಏರಿ ಇಳಿಯುತ್ತದೆ. ನಮ್ಮ ಚಾರ್ಮಾಡಿ ಘಾಟಿಯ ನೆನಪು ತರುವ ತಿರುವುಗಳು, ಸುತ್ತ ಬರೀ ಗುಡ್ಡ. ಮನೆಯಲ್ಲಿ ತುಂಬು ಕಡ್ಡಿ ತೋರಿಸುವ ಫೋನು ಇಂಥ ರಸ್ತೆಯಲ್ಲಿ ಮೂಕವಾಗಬಹುದು. ಯಾಕೆ?

ಕಾರು ಓಡಿದಂತೆ ಫೋನು ಒಂದು ಟವರ್ ಬಿಟ್ಟು ಮುಂದಿನದನ್ನು ಹಿಡಿಯುತ್ತಾ ಹೋಗುತ್ತದೆ. ಊರುಗಳಲ್ಲಿ ಟವರ್‌ಗಳು ಹತ್ತಿರ ಹತ್ತಿರ ಇರುತ್ತವೆ, ಗುಡ್ಡಗಾಡಿನಲ್ಲಿ ವಿರಳ. ನಡುವೆ ಬೆಟ್ಟ ಅಡ್ಡ ಬಂದರೆ ತರಂಗ ದಾಟುವುದು ಕಷ್ಟ. 800 ಮೆಗಾಹರ್ಟ್ಸ್‌ನಂಥ ಕಡಿಮೆ ಕಂಪನದ ತರಂಗ ದೂರ ಹೋಗುತ್ತದೆ. ಅತಿ ವೇಗದ 5ಜಿ ಬಳಸುವ ಹೆಚ್ಚು ಕಂಪನದ ತರಂಗ ಹತ್ತಿರಕ್ಕೇ ಸುಸ್ತಾಗುತ್ತದೆ. ಆದ್ದರಿಂದ ದುಬಾರಿ 5ಜಿ ಫೋನ್ ಕೊಂಡ ಮಾತ್ರಕ್ಕೆ ಕಣಿವೆಯಲ್ಲಿ ಸಿಗ್ನಲ್ ಬರುವುದಿಲ್ಲ.

ಸರಕಾರ ಮತ್ತು ಮೊಬೈಲ್ ಕಂಪನಿಗಳು 2020ರಲ್ಲಿ 'ಶೇರ್ಡ್ ರೂರಲ್ ನೆಟ್‌ವರ್ಕ್' ಎಂಬ ಒಪ್ಪಂದ ಮಾಡಿಕೊಂಡವು. ದೇಶದ 95% ಭೂಭಾಗಕ್ಕೆ 4ಜಿ ತಲುಪಿಸುವುದು ಅದರ ಗುರಿ. ಆದರೆ ಗಮನಿಸಿ, ಇದು "ಕನಿಷ್ಠ ಒಂದು ಕಂಪನಿಯ" 4ಜಿ. ಆ ಒಂದು ಕಂಪನಿ ನಿಮ್ಮದೇ ಆಗಿರಬೇಕಲ್ಲ! ಹಾಗಾಗಿ ಕೆಲವು ಸಲಹೆಗಳು:

1. ಮನೆಯವರೆಲ್ಲ ಒಂದೇ ನೆಟ್‌ವರ್ಕ್‌ನಲ್ಲಿ ಇರಬೇಡಿ. ಹೆಸರು ಬೇರೆಯಾದರೂ ಟವರ್ ಒಂದೇ ಇರಬಹುದು. ಗಂಡನದು ಗಿಫ್‌ಗ್ಯಾಫ್, ಹೆಂಡತಿಯದು ಟೆಸ್ಕೋ ಮೊಬೈಲ್ ಆದರೆ ಎರಡೂ ಓ2 ನೆಟ್‌ವರ್ಕ್ ಮೇಲೆಯೇ ನಡೆಯುತ್ತವೆ. ಲೆಬಾರಾ ನಡೆಯುವುದು ವೊಡಾಫೋನ್ ಮೇಲೆ. ವೊಡಾಫೋನ್ ಮತ್ತು ತ್ರೀ 2025ರಲ್ಲಿ ವಿಲೀನವಾಗಿವೆ. ಒಬ್ಬರು ಓ2 ಬಳಸಿದರೆ ಇನ್ನೊಬ್ಬರು ಇಇ ಬಳಸಲಿ. ಒಬ್ಬರ ಫೋನಿನಿಂದ ಇನ್ನೊಬ್ಬರಿಗೆ ಹಾಟ್‌ಸ್ಪಾಟ್ ಕೊಡಬಹುದು. ಹೋಗುವ ಜಾಗದಲ್ಲಿ ಯಾವುದು ಸಿಗುತ್ತದೆಂದು ಆಫ್‌ಕಾಮ್‌ನ 'ಮ್ಯಾಪ್ ಯುವರ್ ಮೊಬೈಲ್' ತಾಣದಲ್ಲಿ ನೋಡಿಕೊಳ್ಳಿ.

2. ಬುತ್ತಿಯ ಜೊತೆ ಮ್ಯಾಪನ್ನೂ ಕಟ್ಟಿಕೊಳ್ಳಿ. ಜಿಪಿಎಸ್ ಉಪಗ್ರಹದಿಂದ ಬರುತ್ತದೆ, ಅದಕ್ಕೆ ಇಂಟರ್ನೆಟ್ ಬೇಡ. ಇಂಟರ್ನೆಟ್ ಬೇಕಾಗುವುದು ನಕ್ಷೆಗೆ. ಮನೆಯ ವೈ-ಫೈನಲ್ಲಿಯೇ ಗೂಗಲ್ ಮ್ಯಾಪ್ಸ್‌ನ ಆಫ್‌ಲೈನ್ ನಕ್ಷೆ ಇಳಿಸಿಕೊಂಡರೆ ಸಿಗ್ನಲ್ ಇಲ್ಲದಿದ್ದರೂ ಕಾರಿಗೆ ದಾರಿ ತೋರಿಸುತ್ತದೆ. ಟ್ರಾಫಿಕ್ ಸುದ್ದಿ ಮಾತ್ರ ಸಿಗದು.

3. ತಂಗುವ ಮನೆಯ ವಿಳಾಸ, ಪೋಸ್ಟ್‌ಕೋಡ್, ಫೋನ್ ನಂಬರುಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ಹಳೆಯ ಪದ್ಧತಿ, ಆದರೆ ಇದಕ್ಕೆ ಬ್ಯಾಟರಿ ಬೇಡ!

4. ಅಪ್ಪ-ಅಮ್ಮನ ಭಾರತದ ಸಿಮ್‌ನಲ್ಲಿ ಡೇಟಾ ರೋಮಿಂಗ್ ಆಫ್ ಮಾಡಿ. ಬ್ಯಾಂಕಿನ ಓಟಿಪಿ ಬರುವುದು ಎಸ್‌ಎಂಎಸ್ ಮೂಲಕ, ಅದಕ್ಕೆ ಡೇಟಾ ಬೇಕಿಲ್ಲ. ಇಲ್ಲಿನ ಒಂದು ಸಿಮ್ ಹಾಕಿಕೊಟ್ಟು, ನಿಮ್ಮ ನಂಬರು ಸೇವ್ ಮಾಡಿಡಿ.

ಇನ್ನು ಮುಖ್ಯವಾದ ಮಾತು. ಕಾರು ಕೆಟ್ಟು ನಿಂತು, ಹಿಂದಿನ ಸೀಟಿನಲ್ಲಿ ಬಿಪಿ, ಶುಗರ್ ಇರುವ ಹಿರಿಯರು ಕುಳಿತಿದ್ದರೆ ಆಗ ವಾಟ್ಸಾಪ್‌ಗಿಂತ ಸಹಾಯ ಮುಖ್ಯ. ಅಪಾಯವಿದ್ದರೆ 999 ಒತ್ತಿ. ನಿಮ್ಮ ನೆಟ್‌ವರ್ಕ್ ಇಲ್ಲದಿದ್ದರೂ ಬೇರೆ ಯಾವುದಾದರೂ ಟವರ್ ಸಿಕ್ಕರೆ ಆ ಕರೆ ಹೋಗುತ್ತದೆ. ಯಾವ ಟವರ್ರೂ ಇಲ್ಲದ ಕಡೆ ಐಫೋನ್ 14 ಮತ್ತು ನಂತರದವು ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸಬಲ್ಲವು. ಈ ಸೌಲಭ್ಯ ಬ್ರಿಟನ್ನಿಗೆ 2022ರ ಡಿಸೆಂಬರಿನಲ್ಲಿ ಬಂತು. ಮೋಟಾರ್‌ವೇಯಲ್ಲಾದರೆ ಬದಿಯ ಕಿತ್ತಳೆ ಬಣ್ಣದ ಎಸ್‌ಓಎಸ್ ಫೋನು ಇನ್ನೂ ಉತ್ತಮ, ನೀವು ಎಲ್ಲಿದ್ದೀರೆಂದು ಅದೇ ಅವರಿಗೆ ತಿಳಿಸುತ್ತದೆ.

ಓಡಿಸುವವರು ಫೋನ್ ಕೈಗೆತ್ತಿಕೊಂಡರೆ 200 ಪೌಂಡ್ ದಂಡ, ಲೈಸೆನ್ಸ್ ಮೇಲೆ 6 ಪಾಯಿಂಟ್. ಕೆಂಪು ದೀಪದಲ್ಲಿ ನಿಂತಿದ್ದರೂ ಇದೇ ನಿಯಮ. ಇಲ್ಲಿ ಲೈಸೆನ್ಸ್ ಪಡೆದು ಎರಡು ವರ್ಷ ಆಗದವರಿಗೆ ಆ 6 ಪಾಯಿಂಟಿಗೇ ಲೈಸೆನ್ಸ್ ಹೋಗುತ್ತದೆ. ಮ್ಯಾಪ್ ನೋಡುವ ಕೆಲಸವನ್ನು ಪಕ್ಕದಲ್ಲಿ ಕುಳಿತವರಿಗೆ ಬಿಡಿ.

ಹೊರಡುವ ಮುನ್ನ "ಸಂಜೆ ತನಕ ಫೋನ್ ಸಿಗದಿರಬಹುದು, ಗಾಬರಿಯಾಗಬೇಡಿ" ಎಂದು ಊರಿಗೊಂದು ಮಾತು ಹೇಳಿಬಿಡಿ. ಅಲ್ಲಿ ಕಾಯುತ್ತಾ ಕೂತವರಿಗೂ ನೆಮ್ಮದಿ, ನಿಮಗೂ ನೆಮ್ಮದಿ.

ಪ್ರಯಾಣ ಸುಖಕರವಾಗಿರಲಿ!