ತಡವಾಗಿ ಬಂದ ಹಳೆಯ ಉತ್ತರ

ಬಸ್ ಟಿಕೆಟ್ ಕಾದಿರಿಸುವ ಜಾಲತಾಣದಲ್ಲಿ ‘ಮಂ’ ಎಂದು ಟೈಪ್ ಮಾಡಿ, ಹಾಗೇ ಮುಂದುವರಿಸಿ ‘ಮಂಡ್ಯ’ ಪೂರ್ತಿ ಮಾಡುತ್ತೀರಿ. ಪಟ್ಟಿಯಲ್ಲಿ ಮಂಡ್ಯ ಒಂದು ಕ್ಷಣ ಕಂಡು, ಅದರ ಜಾಗಕ್ಕೆ ಮಂಗಳೂರು, ಮಂತ್ರಾಲಯ ಎಲ್ಲ ಬಂದು ಕೂರುತ್ತವೆ. ನೆಟ್‌ವರ್ಕ್ ಸರಿಯಿಲ್ಲ ಅಂತ ಬೈದುಕೊಳ್ಳುತ್ತೇವೆ. ಪಾಪ, ‘ಮಂ’ಗೆ ಒಂದು, ‘ಮಂಡ್ಯ’ಕ್ಕೆ ಒಂದು ಎಂದು ಪುಟ ಬೇರೆ ಬೇರೆಯಾಗಿ ಕೇಳಿದ ಪ್ರಶ್ನೆಗಳಿಗೆ ನೆಟ್‌ವರ್ಕ್ ಎರಡೂ ಉತ್ತರ ತಂದುಕೊಟ್ಟಿದೆ.

ಟೈಪ್ ಮಾಡುತ್ತಿದ್ದಂತೆಯೇ ಸಲಹೆ ಕೊಡುವ ಪೆಟ್ಟಿಗೆಯನ್ನು ಗೂಗಲ್ 2004ರ ಡಿಸೆಂಬರ್‌ನಲ್ಲಿ ‘ಸಜೆಸ್ಟ್’ ಹೆಸರಲ್ಲಿ ಜನರ ಮುಂದಿಟ್ಟಿತು. ಪುಟವನ್ನು ಮತ್ತೆ ತೆರೆಯದೆ ಸರ್ವರ್ ಜತೆ ಮಾತಾಡುವ ಸೌಲಭ್ಯ 1999ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲೇ ಇತ್ತು. ಪುಟದ ಜಾವಾಸ್ಕ್ರಿಪ್ಟ್ ಪ್ರೋಗ್ರಾಂಗೆ ಒಂದು ಹೊತ್ತಿಗೆ ಒಂದೇ ಕೆಲಸ. ಉತ್ತರಕ್ಕೆ ಕಾಯುತ್ತ ನಿಂತರೆ ಪುಟವೇ ಸ್ತಬ್ಧವಾಗುತ್ತದೆ. ಅದಕ್ಕೇ ಅದು ಪ್ರಶ್ನೆ ಕಳಿಸಿ, ಉತ್ತರ ಬಂದಾಗ ಮಾಡಬೇಕಾದ್ದನ್ನು ಬರೆದಿಟ್ಟು, ಬೇರೆ ಕೆಲಸ ನೋಡಿಕೊಳ್ಳುತ್ತದೆ.

ಉತ್ತರಗಳು ಕೇಳಿದ ಕ್ರಮದಲ್ಲೇ ಬರಬೇಕೆಂಬ ನಿಯಮವೇನೂ ಇಲ್ಲ. ‘ಮಂ’ನಿಂದ ಶುರುವಾಗುವ ಊರುಗಳು ಹೆಚ್ಚು, ಹುಡುಕಿ ಜೋಡಿಸಲು ಹೊತ್ತು ಹಿಡಿಯಬಹುದು. ‘ಮಂಡ್ಯ’ದ ಉತ್ತರ ಬೇರೊಂದು ಸರ್ವರ್‌ನಲ್ಲಿ ಮೊದಲೇ ಸಿದ್ಧವಿರಬಹುದು. ಕೊನೆಗೆ ಬಂದದ್ದೇ ಹೊಸತು ಎಂದು ನಂಬುವ ಪ್ರೋಗ್ರಾಂ, ಹಳೆಯ ಉತ್ತರವನ್ನು ಹೊಸದರ ಮೇಲೆ ಬರೆದುಬಿಡುತ್ತದೆ.

ಬೆರಳು ನಿಂತು 300 ಮಿಲಿಸೆಕೆಂಡ್ ಆಗುವವರೆಗೆ ಪ್ರಶ್ನೆ ಕಳಿಸದಿರುವುದು ಹಲವರ ಮದ್ದು, ‘ಡಿಬೌನ್ಸ್’ ಅನ್ನುತ್ತಾರೆ. ಸರ್ವರ್ ಹೊರೆ ಇಳಿಯುತ್ತದೆ, ನಿಜ. ಆದರೆ ದೋಷ ಅಪರೂಪವಾಗುತ್ತದೆಯೇ ಹೊರತು ಹೋಗುವುದಿಲ್ಲ. ನನ್ನ ಮಟ್ಟಿಗೆ ಅದು ಇನ್ನೂ ಕೆಟ್ಟದ್ದು: ಬರೆದವರ ಕಚೇರಿಯ ವೇಗದ ವೈಫೈನಲ್ಲಿ ತಲೆಮರೆಸಿಕೊಂಡು, ಘಾಟಿ ರಸ್ತೆಯ ಬಸ್ಸಿನಲ್ಲಿ ಕೂತವರಿಗೆ ಮಾತ್ರ ಕಾಣಿಸುತ್ತದೆ.

ಸರಿಯಾದ ದಾರಿ ಸರಳವಾಗಿದೆ. ಪ್ರತಿ ಪ್ರಶ್ನೆಗೂ ಒಂದು ಸಂಖ್ಯೆ ಕೊಡಬೇಕು. ಉತ್ತರ ಬಂದಾಗ ಆ ಸಂಖ್ಯೆ ಈಗಿನದಲ್ಲದಿದ್ದರೆ ಬಿಸಾಡಬೇಕು. ಇಲ್ಲವೇ ಹೊಸ ಪ್ರಶ್ನೆ ಹೊರಡುವಾಗಲೇ ಹಳೆಯದನ್ನು ರದ್ದು ಮಾಡಬೇಕು. ಬ್ರೌಸರ್‌ಗಳಲ್ಲಿ ಅದಕ್ಕೆಂದೇ ‘ಅಬಾರ್ಟ್‌ಕಂಟ್ರೋಲರ್’ ಇದೆ.

ಆದರೆ ರದ್ದು ಅಂದರೆ ಬ್ರೌಸರ್ ಕಾಯುವುದನ್ನು ಬಿಟ್ಟಿತು ಅಂತಷ್ಟೇ. ಸರ್ವರ್ ಅಷ್ಟರಲ್ಲಿ ಕೆಲಸ ಮುಗಿಸಿರಬಹುದು. ಊರಿನ ಪಟ್ಟಿಯಾದರೆ ನಷ್ಟವಿಲ್ಲ, ಹಣ ಪಾವತಿಯ ಗುಂಡಿಯಾದರೆ? ಅಲ್ಲಿ ಉತ್ತರ ಬಿಸಾಡುವಂತಿಲ್ಲ, ಎರಡನೇ ಸಲ ಒತ್ತಿದರೆ ಎರಡು ಸಲ ಹಣ ಕಡಿತವಾದೀತು. ಹಾಗಾಗಿ ಎಚ್ಚರದಿಂದ ಬರೆದ ಪಾವತಿ ಪುಟಗಳು ಒಂದು ಪಾವತಿಗೆ ಒಂದೇ ಗುರುತುಸಂಖ್ಯೆ ಅಂಟಿಸಿ ಕಳಿಸುತ್ತವೆ. ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಹಣ ಮುಟ್ಟದೆ ಹಿಂದಿನ ರಸೀದಿಯನ್ನೇ ಕೊಡುತ್ತದೆ.