ನಕ್ಷತ್ರಗಳಿಗೆ ಅಡ್ಡ ನಿಂತ ಮೋಡ

ರಾತ್ರಿ ಹಂಗಾರಕಟ್ಟೆಯ ದಕ್ಕೆಯಲ್ಲಿ ನಿಂತು ಪಡುವಣಕ್ಕೆ ನೋಡಿದರೆ ಹೊಳೆಯಾಚೆ ಕೋಡಿಬೆಂಗ್ರೆಯ ತೆಂಗಿನ ಸಾಲು ಕಪ್ಪಗೆ ಕಾಣುತ್ತದೆ. ಕಡಲಲ್ಲಿ ಸಾಗುವ ದೋಣಿಯ ದೀಪ ಆ ಸಾಲಿನ ಹಿಂದೆ ಹೋದಾಗ ದೀಪ ಆರಿತೆಂದು ಯಾರೂ ಹೇಳುವುದಿಲ್ಲ. ಮರ ಅಡ್ಡ ಬಂತು ಎನ್ನುತ್ತೇವೆ. ಆಕಾಶದ ವಿಷಯದಲ್ಲಿ ಇಷ್ಟು ಹೇಳಲು ಖಗೋಳ ವಿಜ್ಞಾನಕ್ಕೆ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

ಮಳೆಗಾಲ ಕಳೆದು, ಅಕ್ಟೋಬರಿನಲ್ಲಿ ಚಂದ್ರನಿಲ್ಲದ ಒಂದು ರಾತ್ರಿ ಏಳೂವರೆಯ ಹೊತ್ತಿಗೆ ದೀಪಗಳಿಂದ ದೂರ ಹೋಗಿ ನೋಡಿ. ನೆತ್ತಿಯಿಂದ ನೈಋತ್ಯದ ಕಡಲಿಗೆ ಇಳಿಯುವ ಆಕಾಶಗಂಗೆಯನ್ನು ಉದ್ದಕ್ಕೂ ಸೀಳಿದಂತೆ ಒಂದು ಕಪ್ಪು ಪಟ್ಟಿ ಇದೆ. ಇಂಥ ಜಾಗಗಳನ್ನು 18ನೇ ಶತಮಾನದಲ್ಲಿ ಖಗೋಳಜ್ಞ ವಿಲಿಯಂ ಹರ್ಷೆಲ್ ನಕ್ಷತ್ರಗಳೇ ಇಲ್ಲದ ಕಿಂಡಿಗಳೆಂದು ತಿಳಿದಿದ್ದ. ಅಮೆರಿಕದ ಖಗೋಳಜ್ಞ ಎಡ್ವರ್ಡ್ ಬರ್ನಾರ್ಡ್‌ಗೂ ಅಡ್ಡ ನಿಂತ ಮೋಡದ ಮಾತು ಮೊದಮೊದಲು ನಂಬಿಕೆಯಾಗಿರಲಿಲ್ಲ. 1913ರ ಬೇಸಿಗೆಯಲ್ಲಿ ಆತ ಆಕಾಶಗಂಗೆಯ ಫೋಟೊ ತೆಗೆಯುತ್ತಿದ್ದಾಗ ನಮ್ಮ ಭೂಮಿಯದೇ ಪುಟ್ಟ ಮೋಡಗಳು ಧನು ರಾಶಿಯ ಮುಂದೆ ಹಾದುಹೋದವು. ಹೊಳೆಯುವ ನಕ್ಷತ್ರಗಳೆದುರು ಅವು ಕಡುಕಪ್ಪಾಗಿ, ಆತನ ಫೋಟೊಗಳಲ್ಲಿದ್ದ ಕಲೆಗಳಂತೆಯೇ ಕಂಡವು! ಈ ಪ್ರಸಂಗ ನನಗೆ ಬಲು ಇಷ್ಟ. 1919ರಲ್ಲಿ ಆತ ಅಂಥ 182 ಕಪ್ಪು ಗುರುತುಗಳ ಪಟ್ಟಿ ಪ್ರಕಟಿಸಿದ.

ನಕ್ಷತ್ರಗಳಿಗೆ ಅಡ್ಡ ನಿಂತ ಈ ಮೋಡಗಳ ತೂಕದಲ್ಲಿ ಶೇ. 99ರಷ್ಟು ಅನಿಲ, ಅದರಲ್ಲೂ ಹೆಚ್ಚಿನದು ಹೈಡ್ರೋಜನ್. ಬೆಳಕನ್ನು ತಡೆಯುವುದು ಉಳಿದ ಒಂದು ಪಾಲು ಧೂಳು. ಅದರ ಒಂದೊಂದು ಕಣ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು. ಮೋಡ ನಮ್ಮ ಗಾಳಿಗಿಂತ ಕೋಟಿ ಕೋಟಿ ಪಟ್ಟು ತೆಳು; ಆದರೆ ದಪ್ಪ ಎಷ್ಟೆಂದರೆ ದಾಟಲು ಬೆಳಕಿಗೇ ವರ್ಷಗಳು ಬೇಕು. ಹೊರಗಿನ ಬೆಳಕು ಹೊಗದ ಒಳಭಾಗ ಮೈನಸ್ 263 ಡಿಗ್ರಿ ಸೆಲ್ಸಿಯಸ್‌ವರೆಗೆ ತಣಿಯುತ್ತದೆ. ಅಷ್ಟು ತಣಿದ ಅನಿಲಕ್ಕೆ ತನ್ನದೇ ಗುರುತ್ವವನ್ನು ತಡೆದುಕೊಳ್ಳುವ ಒತ್ತಡ ಇರುವುದಿಲ್ಲ. ಅದು ಕುಸಿದು ನಕ್ಷತ್ರವಾಗುತ್ತದೆ. ಸುಮಾರು 460 ಕೋಟಿ ವರ್ಷಗಳ ಹಿಂದೆ ನಮ್ಮ ಸೂರ್ಯ ಹುಟ್ಟಿದ್ದೂ ಹೀಗೆಯೇ.

ಮೋಡಗಳ ಆ ಒಳಮನೆಯನ್ನು ಬೆಂಗಳೂರಿನಿಂದಲೂ ಇಣುಕಿ ನೋಡಿದ್ದಾರೆ. ಮೋಡದಲ್ಲಿರುವ ಕಾರ್ಬನ್ ಮೊನಾಕ್ಸೈಡ್ 2.6 ಮಿಲಿಮೀಟರ್ ಉದ್ದದ ರೇಡಿಯೊ ಅಲೆ ಸೂಸುತ್ತದೆ. ಧೂಳು ಅದಕ್ಕೆ ಅಡ್ಡಿಯಲ್ಲ. ರಾಮನ್ ಸಂಶೋಧನಾ ಸಂಸ್ಥೆಯ 10.4 ಮೀಟರ್ ದೂರದರ್ಶಕದಿಂದ ಟಿ.ಕೆ. ಶ್ರೀಧರನ್ ಅವರು ಗಮ್ ನೀಹಾರಿಕೆಯಲ್ಲಿರುವ ಬಾಲದ ಕಪ್ಪು ಮೋಡಗಳನ್ನು ಹೀಗೆಯೇ ಅಳೆದರು. ಅವೆಲ್ಲ ಒಂದು ಕೇಂದ್ರದಿಂದ ಸೆಕೆಂಡಿಗೆ ಸುಮಾರು 12 ಕಿ.ಮೀ. ವೇಗದಲ್ಲಿ ಹೊರಕ್ಕೆ ಸರಿಯುತ್ತಿವೆ ಎಂದು 1992ರಲ್ಲಿ ತೋರಿಸಿದರು. ಅವುಗಳಲ್ಲಿ ಕೆಲವುಗಳ ತಲೆಯ ಬಳಿ ಎಳೆಯ ನಕ್ಷತ್ರಗಳೂ ಇವೆ.