ಕಲ್ಲಿನ ಸಾಲು, ಪರದೆಯ ಕಾಲಂ: ರಾಯದುರ್ಗ–ಮಡಕಶಿರಾ ಶಾಸನಗಳಿಗೆ ಡೇಟಾ ಎಂಟ್ರಿ ಫಾರ್ಮ್ ರೂಪಿಸುವ ಬಗೆ

 

ಕನ್ನಡ ವಿಭಾಗದ ಗೋಷ್ಠಿಯಲ್ಲಿ ಸ್ಕ್ರೀನು, ಮೆನು ಅಂತ ಮಾತಾಡೋದು ಕೆಲವರಿಗೆ ವಿಚಿತ್ರ ಅನ್ನಿಸಬಹುದು. ಆದರೆ ಒಂದು ಶಾಸನವನ್ನು ಕಂಪ್ಯೂಟರಿಗೆ ಏರಿಸುವಾಗ ಇದರ ಭಾಷೆ ಯಾವುದು, ಕಾಲ ಯಾವುದು, ಊರು ಯಾವುದು ಎಂದು ಕೇಳುವುದು ಆ ಪರದೆಯೇ. ಪರದೆ ಕೇಳದೆ ಬಿಟ್ಟ ಪ್ರಶ್ನೆಗೆ ಯಾರೂ ಉತ್ತರ ಬರೆಯೋದಿಲ್ಲ. ಬರೆಯದ ಉತ್ತರ ಹತ್ತು ವರ್ಷದ ಮೇಲೆ ಹುಡುಕಿದರೂ ಸಿಗೋದಿಲ್ಲ. ಆದ್ದರಿಂದ ಫಾರ್ಮ್ ರೂಪಿಸುವುದು ಗ್ರಂಥಸಂಪಾದನೆಯ ಒಂದು ಭಾಗ, ಅದನ್ನು ಪೂರ್ತಿ ಕಂಪ್ಯೂಟರಿನವರಿಗೆ ಬಿಟ್ಟುಕೊಡಬಾರದು ಎಂಬುದು ನನ್ನ ವಾದ.

ನನ್ನದು ಮಡಕಶಿರಾ ಕಡೆಯ ಊರು. ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ತೆಲುಗು, ಸಂತೆಯಲ್ಲಿ ಎರಡೂ. ಎಂ.ಎ. ಪ್ರಬಂಧಕ್ಕಾಗಿ ರಾಯದುರ್ಗ, ಮಡಕಶಿರಾ ಎರಡೂ ಹಳೆಯ ತಾಲ್ಲೂಕುಗಳ ಪ್ರಕಟಿತ ಕನ್ನಡ ಶಾಸನಗಳಿಗೆ ಲಿಬ್ರೆಆಫೀಸ್ ಬೇಸ್‌ನಲ್ಲಿ ಒಂದು ಸಣ್ಣ ಡೇಟಾಬೇಸ್ ಮಾಡ್ತಿದ್ದೇನೆ. ಈ ತಂತ್ರಾಂಶ ಉಚಿತ, ಸಾಮಾನ್ಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಮೈಕ್ರೋಸಾಫ್ಟ್ ಆಕ್ಸೆಸ್ ಬಳಸುವವರಿಗೂ ನಾನು ಹೇಳುವ ಬಹುಪಾಲು ಮಾತು ಅನ್ವಯಿಸುತ್ತದೆ.

ಈ ಎರಡು ತಾಲ್ಲೂಕುಗಳೇ ಯಾಕೆ ಅಂದರೆ, ನಮ್ಮ ಕಡೆಯ ಶಾಸನಗಳನ್ನು ಗಡಿ ಎರಡು ಕಪಾಟಿಗೆ ಹಂಚಿಬಿಟ್ಟಿದೆ. ಮಡಕಶಿರಾದ ಹೇಮಾವತಿ ನೊಳಂಬರ ರಾಜಧಾನಿ. ಶಾಸನಗಳ ಪೆಂಜೇರು, ಹೆಂಜೇರು ಇದೇ ಊರು. ನೊಳಂಬವಾಡಿ 32000 ಅಂತ ನಾವು ಓದುವ ಸೀಮೆಯ ಕೇಂದ್ರ. ಆ ಸೀಮೆಯಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಪಾವಗಡ, ಶಿರಾಗಳ ಶಾಸನಗಳು ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ತುಮಕೂರು ಸಂಪುಟದಲ್ಲಿವೆ. ಮಡಕಶಿರಾ, ರಾಯದುರ್ಗಗಳು ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ್ದವು. ಹಾಗಾಗಿ ಇಲ್ಲಿಯವು ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್ ಸಂಪಾದಿಸಿದ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್ 9ನೇ ಸಂಪುಟಕ್ಕೆ ಹೋದವು. ಅದರ ಮೊದಲ ಭಾಗ ಬಂದದ್ದು 1939ರಲ್ಲಿ. ಒಂದೇ ಅರಸುಮನೆತನದ ಕಲ್ಲುಗಳು ಎತ್ತಿನಗಾಡಿಯ ದೂರದಲ್ಲಿದ್ದರೂ ಪುಸ್ತಕದಲ್ಲಿ ಬೇರೆ ಬೇರೆ. ಹೊಸದಾಗಿ ಮಾಡುವ ಫಾರ್ಮ್ ಕೂಡ ಇದೇ ಬೇಲಿಯನ್ನು ಮತ್ತೆ ಹಾಕಬಾರದಲ್ಲ?

ಮೊದಲು ಒಂದು ಮೂಲ ವಿಷಯ. ಟೇಬಲ್ ಬೇರೆ, ಫಾರ್ಮ್ ಬೇರೆ. ಟೇಬಲ್ ಅಂದರೆ ಮಾಹಿತಿ ಕೂತಿರುವ ಕೋಷ್ಟಕ. ಫಾರ್ಮ್ ಅಂದರೆ ಅದರೊಳಗೆ ಮಾಹಿತಿ ಹಾಕಲು ನಾವು ತೆರೆದ ಬಾಗಿಲು. ಒಂದೇ ಟೇಬಲ್ಲಿಗೆ ಎರಡು ಮೂರು ಫಾರ್ಮ್ ಇರಬಹುದು. ಹೊಲದಲ್ಲಿ ನಿಂತು ತುಂಬುವವರಿಗೆ ಒಂದು, ಗ್ರಂಥಾಲಯದಲ್ಲಿ ಕೂತು ಪಾಠ ತಿದ್ದುವವರಿಗೆ ಇನ್ನೊಂದು. ಎಕ್ಸೆಲ್ ಹಾಳೆಯಲ್ಲೇ ಎಲ್ಲ ಹಾಕಿದರಾಯ್ತು ಎನ್ನುವವರು ಇದನ್ನು ಗಮನಿಸಬೇಕು. ಹಾಳೆಯಲ್ಲಿ ಇಬ್ಬರು ಕೂತು ಒಬ್ಬರು "ಹೇಮಾವತಿ", ಇನ್ನೊಬ್ಬರು "ಹೆಮಾವತಿ" ಎಂದು ಬರೆದರೆ ಕಂಪ್ಯೂಟರಿಗೆ ಅವು ಎರಡು ಊರು.

ಇದಕ್ಕೆ ಸಾಮಾನ್ಯ ಉಪಾಯ ಡ್ರಾಪ್‌ಡೌನ್ ಪಟ್ಟಿ. ಬರೆಯಬೇಡಿ, ಆರಿಸಿ ಅನ್ನುತ್ತದೆ. ಆದರೆ ಊರಿನ ವಿಚಾರಕ್ಕೆ ಬಂದಾಗ ಈ ಪಟ್ಟಿಯನ್ನು ಹೇಗೆ ಮಾಡ್ತೀರಿ ಅನ್ನೋದೇ ದೊಡ್ಡ ಪ್ರಶ್ನೆ. "ಜಿಲ್ಲೆ" ಎಂಬ ಕಾಲಂ ಇಟ್ಟು "ಅನಂತಪುರ" ಅಂತ ಕಲ್ಲಿನ ದಾಖಲೆಯಲ್ಲೇ ಬರೆದುಬಿಟ್ಟರೆ ಏನಾಗ್ತದೆ ನೋಡಿ. 9ನೇ ಸಂಪುಟ ಅಚ್ಚಾದಾಗ ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿಯಿಂದ ಬಿಟ್ಟುಹೋದವು, ರಾಯದುರ್ಗ ಅನಂತಪುರಕ್ಕೆ ಸೇರಿತು. ಮಡಕಶಿರಾ 1882ರಲ್ಲಿ ಅನಂತಪುರ ಜಿಲ್ಲೆ ಆದಾಗಿನಿಂದ ಅಲ್ಲೇ ಇತ್ತು. 2022ರ ಏಪ್ರಿಲ್‌ನಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ನಡುವೆ 1985ರ ಸುಮಾರಿಗೆ ತಾಲ್ಲೂಕುಗಳು ಹೋಗಿ ಮಂಡಲಗಳು ಬಂದವು. ಹೇಮಾವತಿ ಈಗ ಅಮರಾಪುರಂ ಮಂಡಲ. ಕಲ್ಲು ಒಂದಿಂಚೂ ಕದಲಿಲ್ಲ, ವಿಳಾಸ ಮಾತ್ರ ಬದಲಾಗುತ್ತಾ ಹೋಯಿತು.

ಆದ್ದರಿಂದ ಊರುಗಳಿಗೆ ಬೇರೆ ಟೇಬಲ್ ಬೇಕು. ಪ್ರತಿ ಊರಿಗೂ ಒಂದು ಸಂಖ್ಯೆ. ಶಾಸನದ ದಾಖಲೆಯಲ್ಲಿ ಕೂರುವುದು ಆ ಸಂಖ್ಯೆ ಮಾತ್ರ, ಪರದೆಯಲ್ಲಿ ಕಾಣುವುದು ಹೆಸರು. ಊರಿನ ಸಂಖ್ಯೆಯ ಕೆಳಗೆ ಇನ್ನೊಂದು ಟೇಬಲ್ಲಿನಲ್ಲಿ ಎಷ್ಟು ಹೆಸರು ಬೇಕಾದರೂ ಇರಲಿ: ಪೆಂಜೇರು, ಹೆಂಜೇರು, ಹೇಮಾವತಿ. ಪಕಾರ ಹಕಾರವಾದದ್ದನ್ನು ನಾವು ಭಾಷಾಶಾಸ್ತ್ರದಲ್ಲಿ ಓದ್ತೇವೆ, ಯಂತ್ರಕ್ಕೆ ಅದು ಗೊತ್ತಿಲ್ಲ, ನಾವೇ ಹೇಳಬೇಕು. ಮೂರನೆಯ ಟೇಬಲ್ಲಿನಲ್ಲಿ ಆಡಳಿತದ ಚರಿತ್ರೆ: ಯಾವ ವರ್ಷದಿಂದ ಯಾವ ವರ್ಷದವರೆಗೆ ಯಾವ ಜಿಲ್ಲೆ. ನಾಳೆ ಇನ್ನೊಂದು ಜಿಲ್ಲೆ ಆದರೆ ಒಂದು ಸಾಲು ಸೇರಿಸಿದರೆ ಮುಗೀತು. "ಆಕರ" ಎಂಬ ಕಾಲಮ್ಮಿಗೂ ಇದೇ ನ್ಯಾಯ. ಒಂದು ಕಲ್ಲಿಗೆ ಒಂದೇ ಪುಸ್ತಕ ಎಂಬ ಲೆಕ್ಕ ಬೇಡ. ಸಬ್‌ಫಾರ್ಮ್ ಹಾಕಿದರೆ ಎಷ್ಟು ಪ್ರಕಟಣೆಗಳಿದ್ದರೂ ಒಂದರ ಕೆಳಗೊಂದು ಬರೆಯಬಹುದು.

ಈಗ ಕಾಲದ ವಿಷಯ. ನನಗೆ ಹೆಚ್ಚು ಇಷ್ಟವಾದ ಭಾಗ ಇದು, ಸ್ವಲ್ಪ ಉದ್ದ ಆದರೆ ತಾಳ್ಮೆ ಇರಲಿ.

ಎಲ್ಲ ತಂತ್ರಾಂಶಗಳಲ್ಲೂ "ದಿನಾಂಕ" ಅನ್ನೋ ತಯಾರಿ ಕಾಲಂ ಇರುತ್ತದೆ. ಅದು ಇಂಗ್ಲಿಷ್ ಕ್ಯಾಲೆಂಡರಿನ ದಿನ, ತಿಂಗಳು, ವರ್ಷ ಮೂರನ್ನೂ ಕೇಳುತ್ತದೆ. ಒಂದು ಇಲ್ಲದಿದ್ದರೂ ಒಪ್ಪೋದಿಲ್ಲ. ಶಾಸನದಲ್ಲಿ ಇರೋದು ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ. ಅದರಲ್ಲೂ ಅರ್ಧ ಕಲ್ಲುಗಳಲ್ಲಿ ಅರ್ಧ ವಿವರ. ಇಂಥಲ್ಲಿ ದಿನಾಂಕದ ಕಾಲಂ ಇಟ್ಟರೆ ತುಂಬುವವರು ಪಾಪ ಏನು ಮಾಡ್ತಾರೆ? ಜನವರಿ 1 ಅಂತ ಹಾಕಿ ಮುಂದೆ ಹೋಗ್ತಾರೆ. ಅಲ್ಲಿಗೆ ಇಲ್ಲದ ಒಂದು ತಾರೀಖು ಹುಟ್ಟಿತು. ಅದು ಊಹೆ ಅಂತ ಮುಂದಿನವರಿಗೆ ತಿಳಿಯುವ ದಾರಿ ಇಲ್ಲ. ಆದ್ದರಿಂದ ಆರು ಕಾಲಂ ಬೇರೆ ಬೇರೆ ಇರಲಿ, ಕ್ರಿಸ್ತಶಕ ಇನ್ನೊಂದು ಜಾಗದಲ್ಲಿ "ಇಂದ", "ವರೆಗೆ" ಎಂಬ ಎರಡು ವರ್ಷಗಳಾಗಿ ಇರಲಿ. ಲಿಪಿ ನೋಡಿ 9ನೇ ಶತಮಾನ ಎಂದಷ್ಟೇ ಹೇಳಬಹುದಾದರೆ 801, 900 ಎಂದು ಬರೆಯಬಹುದು, ಪಕ್ಕದಲ್ಲಿ "ಲಿಪಿಯ ಆಧಾರ" ಎಂದು ಆರಿಸಬಹುದು.

ಸಂವತ್ಸರಕ್ಕೆ ಅರವತ್ತು ಹೆಸರಿನ ಪಟ್ಟಿ ಸಾಕು. ಪರದೆ ಇಲ್ಲಿ ನಮಗೆ ಒಂದು ಉಪಕಾರವನ್ನೂ ಮಾಡಬಲ್ಲದು. ಗತ ಶಕವರ್ಷವನ್ನು 60ರಿಂದ ಭಾಗಿಸಿ ಉಳಿದ ಶೇಷಕ್ಕೆ 12 ಕೂಡಿಸಿದರೆ (60 ದಾಟಿದರೆ 60 ಕಳೆದು) ಸಂವತ್ಸರದ ಕ್ರಮಸಂಖ್ಯೆ ಬರುತ್ತದೆ. ಶಕ 1277 ತೆಗೆದುಕೊಳ್ಳಿ, ಅಂದರೆ ಕ್ರಿ.ಶ. 1355–56. ರಾಯದುರ್ಗದಲ್ಲಿ ಭೋಗರಾಜ ಎಂಬ ಜೈನ ವರ್ತಕ ಶಾಂತಿನಾಥನ ಪ್ರತಿಷ್ಠೆ ಮಾಡಿಸಿದ, ಒಂದನೇ ಹರಿಹರನ ಕಾಲದ ಶಾಸನ 1355ರದು. 1277ನ್ನು 60ರಿಂದ ಭಾಗಿಸಿದರೆ ಶೇಷ 17, ಅದಕ್ಕೆ 12 ಕೂಡಿದರೆ 29, ಅಂದರೆ ಮನ್ಮಥ ಸಂವತ್ಸರ. ತುಂಬುವವರು ಕೈತಪ್ಪಿ 1217 ಅಂತ ಒತ್ತಿದರೆ? ಅಲ್ಲೂ ಶೇಷ 17, ಮನ್ಮಥವೇ! ಅರವತ್ತು ವರ್ಷದ ತಪ್ಪನ್ನು ಈ ಲೆಕ್ಕ ಹಿಡಿಯೋದಿಲ್ಲ, ಅದಕ್ಕೆ ಅರಸನ ಹೆಸರು ನೋಡಬೇಕು. 1272 ಅಂತ ಒತ್ತಿದ್ದರೆ ಹಿಡಿಯುತ್ತದೆ.

ಆದರೆ ಲೆಕ್ಕ ತಾಳೆ ಆಗದಿದ್ದಾಗ ಪರದೆ ಹೇಗೆ ವರ್ತಿಸಬೇಕು? ಬ್ಯಾಂಕಿನ ಫಾರ್ಮ್ ಆದರೆ ಕೆಂಪು ಅಕ್ಷರ ತೋರಿಸಿ ಸೇವ್ ಮಾಡಲು ಬಿಡೋದಿಲ್ಲ. ನಮ್ಮಲ್ಲಿ ಅದು ನಡೆಯಬಾರದು. ಕೆಲವು ಶಾಸನಗಳು ಗತವರ್ಷವನ್ನು ಹೇಳಿದರೆ ಕೆಲವು ನಡೆಯುತ್ತಿರುವ ವರ್ಷವನ್ನು ಹೇಳುತ್ತವೆ, ಒಂದು ವರ್ಷದ ವ್ಯತ್ಯಾಸ ಸಹಜ. ಕೆತ್ತಿದವನೇ ತಪ್ಪಿರಬಹುದು, ಆ ತಪ್ಪೂ ನಮಗೆ ಸಾಕ್ಷ್ಯ. ಕಲ್ಲಿನ ಮೇಲಿರುವುದನ್ನು ತಿದ್ದುವಂತೆ ಒತ್ತಾಯ ಮಾಡುವ ಫಾರ್ಮ್ ಕೆಟ್ಟ ಫಾರ್ಮ್. "ತಾಳೆ ಆಗುತ್ತಿಲ್ಲ, ಮತ್ತೊಮ್ಮೆ ನೋಡಿ" ಎಂದು ಹೇಳಲಿ, ಆಮೇಲೆ ಇದ್ದಹಾಗೇ ಉಳಿಸಿಕೊಳ್ಳಲಿ.

ಖಾಲಿ ಕಾಲಂ ಬಗ್ಗೆಯೂ ಒಂದು ಮಾತು. ಅರಸನ ಹೆಸರು ಖಾಲಿ ಇದೆ ಅಂದರೆ ಏನರ್ಥ? ಕಲ್ಲಿನಲ್ಲಿ ಹೆಸರಿಲ್ಲ ಎಂದೋ, ಇದ್ದ ಜಾಗ ಒಡೆದಿದೆ ಎಂದೋ, ತುಂಬುವವರು ಇನ್ನೂ ಓದಿಲ್ಲ ಎಂದೋ? ಮೂರೂ ಬೇರೆ ಬೇರೆ ಸಂಗತಿ. ನೊಳಂಬರ ಎಷ್ಟು ಶಾಸನಗಳಲ್ಲಿ ಅರಸನ ಹೆಸರಿಲ್ಲ ಎಂದು ಎಣಿಸಲು ಹೊರಟರೆ ಮೂರೂ ಒಂದೇ ರಾಶಿಗೆ ಬೀಳುತ್ತವೆ, ಲೆಕ್ಕ ಸುಳ್ಳಾಗುತ್ತದೆ. ಮುಖ್ಯ ಕಾಲಂಗಳ ಪಕ್ಕದಲ್ಲಿ ಸಣ್ಣ ಪಟ್ಟಿ ಇಡಬೇಕು: "ಉಲ್ಲೇಖವಿಲ್ಲ", "ತ್ರುಟಿತ", "ಇನ್ನೂ ನೋಡಿಲ್ಲ". ಹೊಸ ದಾಖಲೆ ತೆರೆದಾಗ ತಾನಾಗಿ ಬರುವ ಬೆಲೆ "ಇನ್ನೂ ನೋಡಿಲ್ಲ" ಇರಲಿ. ಇದರಿಂದ ಯಾರಿಗೂ ಹೆಚ್ಚು ಕೆಲಸ ಬೀಳೋದಿಲ್ಲ.

ಭಾಷೆ ಮತ್ತು ಲಿಪಿಗೆ ಒಂದೇ ಕಾಲಂ ಸಾಲದು. ಸಂಸ್ಕೃತ ಶ್ಲೋಕದಿಂದ ಶುರುವಾಗಿ ಕನ್ನಡ ಗದ್ಯಕ್ಕೆ ಇಳಿಯುವ ಶಾಸನಗಳು ಎಷ್ಟಿಲ್ಲ? "ಒಂದನ್ನು ಮಾತ್ರ ಆರಿಸಿ" ಎಂಬ ಪಟ್ಟಿ ಇಟ್ಟರೆ ಗಡಿನಾಡಿನಲ್ಲಿ ಅದು ಬರೀ ತಾಂತ್ರಿಕ ವಿಷಯವಾಗಿ ಉಳಿಯೋದಿಲ್ಲ, ಈ ಕಲ್ಲು ಯಾರದು ಎಂಬ ಜಗಳಕ್ಕೆ ನಾವೇ ತೀರ್ಪು ಬರೆದ ಹಾಗೆ. ಟಿಕ್ ಬಾಕ್ಸ್ ಇಡಿ, ಎಷ್ಟಿದ್ದರೆ ಅಷ್ಟು ಗುರುತು ಹಾಕಲಿ. ಶಾಸನದ ಬಗೆಗೂ ಹಾಗೇ. ಸತ್ತ ವೀರನ ಮನೆಯವರಿಗೆ ಕಲ್ನಾಡು ಕೊಟ್ಟದ್ದನ್ನು ಹೇಳುವ ವೀರಗಲ್ಲು ದಾನಶಾಸನವೂ ಹೌದು. ಇನ್ನು ಪಟ್ಟಿಯ ಕೊನೆಗಿರುವ "ಇತರೆ". ಅದು ಇರಲೇಬೇಕು, ಆದರೆ ಪಕ್ಕದಲ್ಲಿ ವಿವರ ಬರೆಯುವ ಜಾಗವಿಲ್ಲದಿದ್ದರೆ ಅದು ಕಸದಬುಟ್ಟಿ.

ಅಕ್ಷರಗಳ ತೊಂದರೆ ನಮ್ಮದೇ. ಹಳಗನ್ನಡದ ಱ, ೞ ಕೀಲಿಮಣೆಯಲ್ಲಿ ಎಲ್ಲಿವೆ ಅಂತ ತಿಳಿಯದೆ ರ, ಳ ಹಾಕಿಬಿಡುವವರು ಬಹಳ. ಪಾಠದ ಕಾಲಂ ಮೇಲೆ ಈ ಎರಡಕ್ಕೂ, ನಕಾರಪೊಲ್ಲಿಗೂ ಒಂದೊಂದು ಬಟನ್ ಇಟ್ಟರೆ ಈ ತಪ್ಪು ಬಹುಮಟ್ಟಿಗೆ ನಿಲ್ಲುತ್ತದೆ. ನಕಾರಪೊಲ್ಲು ಯೂನಿಕೋಡಿಗೆ ಬಂದದ್ದೇ 2021ರಲ್ಲಿ, ಹಳೆಯ ಫಾಂಟುಗಳಲ್ಲಿ ಅದು ಖಾಲಿ ಡಬ್ಬಿಯಾಗಿ ಕಾಣಬಹುದು. ಯೂನಿಕೋಡಿನಲ್ಲಿ ೞ ಅಕ್ಷರದ ಅಧಿಕೃತ ಹೆಸರು "ಕನ್ನಡ ಲೆಟರ್ ಫಾ"! ಅಲ್ಲಿ ಒಮ್ಮೆ ಇಟ್ಟ ಹೆಸರನ್ನು ಬದಲಿಸುವ ಹಾಗಿಲ್ಲ, ತಿದ್ದುಪಡಿಯಾಗಿ ಇನ್ನೊಂದು ಹೆಸರನ್ನು ಜೊತೆಗೆ ಸೇರಿಸಿದ್ದಾರೆ.

ನಮ್ಮ ಕಡೆ ಇದಕ್ಕೆ ಇನ್ನೊಂದು ಮುಖವೂ ಇದೆ. ಊರಲ್ಲಿ ನನಗೆ ನೆರವಾಗುವ ಅಕ್ಕ ಒಬ್ಬರು ಮಾತಾಡೋದು ಕನ್ನಡ, ಶಾಲೆಯಲ್ಲಿ ಓದಿದ್ದು ತೆಲುಗು. ಕನ್ನಡ ಅಕ್ಷರ ಓದ್ತಾರೆ, ಆದರೆ ಟೈಪ್ ಮಾಡೋದು ತೆಲುಗಿನಲ್ಲೇ ವೇಗ. ಯೂನಿಕೋಡಿನಲ್ಲಿ ತೆಲುಗು, ಕನ್ನಡ ಅಕ್ಷರಗಳನ್ನು ಬಹುಮಟ್ಟಿಗೆ ಒಂದೇ ಕ್ರಮದಲ್ಲಿ, 128 ಸ್ಥಾನಗಳ ಅಂತರದಲ್ಲಿ ಜೋಡಿಸಿದ್ದಾರೆ. ಸಣ್ಣ ಮ್ಯಾಕ್ರೋ ಬರೆದರೆ ಅವರು ತೆಲುಗಿನಲ್ಲಿ ಒತ್ತಿದ್ದು ಕನ್ನಡವಾಗಿ ಕೂರುತ್ತದೆ. ಈ ಸಾಲು ತಪ್ಪುವ ಜಾಗಗಳಲ್ಲಿ ೞ ಒಂದು. ತೆಲುಗಿನ ೞ ಇರುವ ಜಾಗಕ್ಕೆ 128 ಕೂಡಿಸಿದರೆ ಕನ್ನಡದಲ್ಲಿ ಅಲ್ಲಿ ಯಾವ ಅಕ್ಷರವೂ ಇಲ್ಲ. ಅದೊಂದಕ್ಕೆ ಪ್ರತ್ಯೇಕ ನಿಯಮ ಬರೆಯಬೇಕು. ಕಾಲಂಗಳ ಹೆಸರನ್ನೂ ಎರಡೂ ಲಿಪಿಯಲ್ಲಿ ಇಡುವುದು ನಮ್ಮ ಕಡೆ ಸೌಜನ್ಯವಷ್ಟೇ ಅಲ್ಲ, ಕೆಲಸ ಸಾಗಲು ಅಗತ್ಯ.

ಮೆನು ವಿಷಯ ಬೇಗ ಹೇಳ್ತೇನೆ. ಬೇಸ್‌ನಲ್ಲಿ ಸಿದ್ಧ ಮೆನು ಸಿಗೋದಿಲ್ಲ, ಖಾಲಿ ಫಾರ್ಮಿನಲ್ಲಿ ಬಟನ್‌ಗಳನ್ನಿಟ್ಟು ಮ್ಯಾಕ್ರೋ ಜೋಡಿಸಬೇಕು. ಮೆನುವಿನಲ್ಲಿ ಟೇಬಲ್ಲುಗಳ ಹೆಸರು ಬೇಡ, ಮಾಡುವ ಕೆಲಸದ ಹೆಸರಿರಲಿ: "ಹುಡುಕಿ", "ಹೊಸ ಕಲ್ಲು ಸೇರಿಸಿ", "ಪಾಠ ತಿದ್ದಿ", "ಪಟ್ಟಿ ಮುದ್ರಿಸಿ". "ಹುಡುಕಿ" ಮೊದಲಿರಲಿ, ಇಲ್ಲವಾದರೆ ಎರಡು ಪುಸ್ತಕಗಳಲ್ಲಿರುವ ಒಂದೇ ಕಲ್ಲು ಎರಡು ಸಲ ಸೇರುತ್ತದೆ. "ಅಳಿಸಿ" ಎಂಬುದು ಮೊದಲ ಪರದೆಯಲ್ಲಿ ಕಾಣಲೇಬಾರದು. ಟ್ಯಾಬ್ ಕೀಲಿ ಒತ್ತಿದಾಗ ಕರ್ಸರ್ ಹೋಗುವ ಕ್ರಮ ಹೊಲದಲ್ಲಿ ಕೆಲಸ ನಡೆಯುವ ಕ್ರಮದಲ್ಲೇ ಇರಲಿ: ಊರು, ಕಲ್ಲಿರುವ ಜಾಗ, ಊರವರು ಅದನ್ನು ಕರೆಯುವ ಹೆಸರು, ಅಳತೆ, ಫೋಟೋ, ಆಮೇಲೆ ಪಾಠ.

ಚಾಟ್‌ನಲ್ಲಿ ಮೇಡಂ ಒಂದು ಪ್ರಶ್ನೆ ಹಾಕಿದ್ದಾರೆ: ಮುದ್ರಿತ ಪಾಠಕ್ಕೂ ಈಗ ಕಲ್ಲಿನಲ್ಲಿ ಕಾಣುವುದಕ್ಕೂ ವ್ಯತ್ಯಾಸ ಬಂದರೆ ಯಾವುದನ್ನು ಹಾಕ್ತೀರಿ? ಎರಡನ್ನೂ, ಮೇಡಂ. ಪಾಠಕ್ಕೆ ಒಂದೇ ಕಾಲಂ ಇಲ್ಲ, "ಓದು" ಎಂಬ ಸಬ್‌ಫಾರ್ಮ್ ಇದೆ. ಪ್ರತಿ ಓದಿಗೂ ಓದಿದವರ ಹೆಸರು, ವರ್ಷ, ಆಧಾರ ಇರುತ್ತದೆ. ಆಧಾರದಲ್ಲಿ ಮೂರು ಆಯ್ಕೆ: ಕಲ್ಲು, ಮಸಿಪಡಿಯಚ್ಚು, ಫೋಟೋ. 1939ರಲ್ಲಿ ಅಚ್ಚಾದ ಸಾಲು ಈಗ ಸವೆದುಹೋಗಿರಬಹುದು, ಅಂಥಲ್ಲಿ ಹಳೆಯ ಓದೇ ನಮಗುಳಿದ ಸಾಕ್ಷಿ. ಸಂದೇಹದ ಅಕ್ಷರಗಳಿಗೆ ಚೌಕ ಕಂಸ, ತಿದ್ದುಪಡಿಗೆ ದುಂಡು ಕಂಸ ಎಂಬ ಶಾಸನ ಸಂಪುಟಗಳ ರೂಢಿಯನ್ನೇ ಇಟ್ಟುಕೊಂಡಿದ್ದೇನೆ. ಹುಡುಕುವಾಗ ಮಾತ್ರ ಕಂಸಗಳನ್ನು ಕಣ್ಣಿಗೆ ಕಾಣದ ಇನ್ನೊಂದು ಕಾಲಂ ತೆಗೆದುಹಾಕುತ್ತದೆ.